ಬಹುಮಾನದ ಪುಟ್ಟ ಸೈಕಲ್ಲು ಮತ್ತು ಫೌಸ್ತೊ ಕೊಪ್ಪಿ



ಈ ಸಲದ ರಾಜ್ಯೋತ್ಸವಕ್ಕೆ ಮಕ್ಕಳ ಸೈಕಲ್ ಸ್ಪರ್ಧೆ ಇಡಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ತೀರ್ಮಾನವಾಗಿರುವುದು ತಮಗೆಲ್ಲ ಗೊತ್ತೇ ಇದೆ. ಬಹುಮಾನ ಏನು ಕೊಡಬೇಕೆಂಬ ವಿಚಾರಕ್ಕೇ ಎರಡು ಸಭೆ ಹಿಡಿದವು. ಸ್ಟೀಲ್ ಡಬ್ಬಿ ಸಾಕೆಂದವರು ಕೆಲವರು, ನಗದು ಕೊಟ್ಟುಬಿಡಿ ಎಂದವರು ಕೆಲವರು. ಕೊನೆಗೆ ಎಲ್ಲರೂ ಒಪ್ಪಿದ್ದು ಅಂಗೈಯಗಲದ ಒಂದು ಸೈಕಲ್ಲಿಗೆ.

ನಮ್ಮ ಗುಡ್ಡದಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬ ಈಗ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಹಡಗು ಇಟಲಿಯ ಜಿನೋವಾ ಬಂದರಿನಲ್ಲಿ ನಿಂತಾಗ ಒಂದು ಅಂಗಡಿಯಿಂದ ಅಲಂಕಾರದ ಸೈಕಲ್ಲು ಕೊಂಡು ತಂದು ಸಂಘಕ್ಕೆ ಕಾಣಿಕೆಯಾಗಿ ಕೊಟ್ಟ. ತೆಳು ತಂತಿಯ ಓಟದ ಸೈಕಲ್ಲು, ಟಗರಿನ ಕೋಡಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಬಣ್ಣ ನೀಲಿಯೂ ಅಲ್ಲ, ಹಸಿರೂ ಅಲ್ಲ, ಎರಡರ ನಡುವಿನದು. ಕೆಳಗಿನ ಮರದ ತುಂಡಿನ ಮೇಲೆ ಕೊಪ್ಪಿ ಎಂಬ ಹೆಸರು. ಅದನ್ನು ಸಂಘದ ಕೋಣೆಯಲ್ಲಿ ತಾಯಿ ಭುವನೇಶ್ವರಿಯ ಫೋಟೋದ ಪಕ್ಕ ಇಟ್ಟಿದ್ದೇವೆ. ಹಿರಿಯರೊಬ್ಬರು ನೋಡಿ, ಕೊಪ್ಪಿ ಅಂದರೆ ಕೊಪ್ಪಳದ ಕಡೆಯವನೇನು ಎಂದು ಕೇಳಿದರು. ಕೊಪ್ಪಳದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ಪ್ರಶ್ನೆ ತಪ್ಪೇನಲ್ಲ. ಆ ಮಾದರಿ ನೋಡಿಕೊಂಡು ವೆಲ್ಡಿಂಗ್ ಕೆಲಸದ ಸದಸ್ಯರೊಬ್ಬರು ಹನ್ನೆರಡು ಪುಟ್ಟ ಸೈಕಲ್ಲು ಮಾಡಿಕೊಡುತ್ತಿದ್ದಾರೆ. ಕೂಲಿ ಬೇಡವೆಂದಿದ್ದಾರೆ. ತಂತಿ ಮತ್ತು ಬಣ್ಣದ ರಸೀದಿ ಫೈಲಿನಲ್ಲಿದೆ, ಬೇಕಾದವರು ಬಂದು ನೋಡಬಹುದು.

ಬಹುಮಾನ ತಂದ ಮಗು, ಇದು ಯಾರ ಸೈಕಲ್ಲು ಎಂದು ಮನೆಯಲ್ಲಿ ಕೇಳಿದರೆ ಹೇಳಲು ಒಂದು ಉತ್ತರ ಇರಲಿ ಎಂದು ಈ ತಿಂಗಳ ಬರಹ. ಇನ್ನೊಂದು ಕಾರಣವೂ ಇದೆ. ಅದು ಕೊನೆಯಲ್ಲಿ ಬರುತ್ತದೆ.

ಫೌಸ್ತೊ ಕೊಪ್ಪಿ ಹುಟ್ಟಿದ್ದು 1919ರ ಸೆಪ್ಟೆಂಬರ್ 15ರಂದು, ಇಟಲಿಯ ವಾಯವ್ಯ ಮೂಲೆಯ ಪೀಮಾಂಟ್ ಸೀಮೆಯ ಕಸ್ತೆಲ್ಲಾನಿಯಾ ಎಂಬಲ್ಲಿ. ಗುಡ್ಡದ ಮೇಲಿನ ಪುಟ್ಟ ಹಳ್ಳಿ, ಇವತ್ತಿಗೂ ನೂರು ಜನ ತುಂಬುವುದಿಲ್ಲ. ಒಕ್ಕಲುತನದ ಮನೆ, ಐದು ಮಕ್ಕಳಲ್ಲಿ ಈತ ನಾಲ್ಕನೆಯವನು. ಕೊನೆಯವನು ಸೆರ್ಸೆ. ಫೌಸ್ತೊ ಸಣಕಲು ಹುಡುಗ, ಕಾಲು ಉದ್ದ, ಎದೆ ಮುಂದಕ್ಕೆ ಉಬ್ಬಿದ್ದು, ಮೂಳೆ ಮಾತ್ರ ಗಟ್ಟಿಯಲ್ಲ. ಶಾಲೆ ತಲೆಗೆ ಹತ್ತಲಿಲ್ಲ. ಹದಿಮೂರನೆಯ ವಯಸ್ಸಿಗೆ ಬಿಡಿಸಿ, ನೋವಿ ಲಿಗುರೆ ಎಂಬ ಪೇಟೆಯ ಮಾಂಸದ ಅಂಗಡಿಯಲ್ಲಿ ಕೆಲಸಕ್ಕೆ ಹಾಕಿದರು. ಮನೆಮನೆಗೆ ಸೈಕಲ್ಲಿನಲ್ಲಿ ಮಾಲು ಮುಟ್ಟಿಸುವ ಕೆಲಸ. ಊರಿಗೂ ಪೇಟೆಗೂ ಓಡಾಟ, ನಡುವೆ ಬರೀ ಏರು ಇಳಿವು. ನಮ್ಮ ಗುಡ್ಡದ ಎಷ್ಟು ಹುಡುಗರು ಮಡಗಾಂವ್ ಮಾರುಕಟ್ಟೆಯಿಂದ ಸೈಕಲ್ಲಿನಲ್ಲಿ ಸಾಮಾನು ಹೊತ್ತು ಏರು ಹತ್ತಿಲ್ಲ? ಆತನ ತರಬೇತಿ ಶುರುವಾದದ್ದೂ ಹಾಗೆಯೇ.

ಹದಿನೈದನೆಯ ವಯಸ್ಸಿನಲ್ಲಿ ಊರ ಹುಡುಗರ ನಡುವಿನ ಓಟದಲ್ಲಿ ಗೆದ್ದಾಗ ಸಿಕ್ಕಿದ್ದು 20 ಲೀರಾ ಮತ್ತು ಮಾಂಸವಿಟ್ಟ ಒಂದು ಬ್ರೆಡ್ಡು. ಮುಂದೆ ಅಂಗಡಿಯ ಹತ್ತಿರದ ಕಸ್ತೆಲ್ಲೆತ್ತೊ ದೋರ್ಬಾ ಎಂಬ ಊರಿನ ಓಟದಲ್ಲಿ ಒಬ್ಬನೇ ಮುಂದೆ ಬಂದು ಗೆದ್ದಾಗ ಕೊಟ್ಟ ಬಹುಮಾನ ಒಂದು ಅಲಾರಂ ಗಡಿಯಾರ. ನಗದೇ ಬೇಕೆಂದ ಸದಸ್ಯರು ಇದನ್ನು ದಯವಿಟ್ಟು ಗಮನಿಸಬೇಕು.

ಸ್ವಂತ ಸೈಕಲ್ಲಿನ ಕಥೆ ಕೇಳಿದರೆ ಪಾಪವೆನಿಸುತ್ತದೆ. ಹಡಗಿನಲ್ಲಿ ಅಧಿಕಾರಿಯಾಗಿದ್ದ ದೊಡ್ಡ ಮನಸ್ಸಿನ ಚಿಕ್ಕಪ್ಪ, ಅವರ ಹೆಸರೂ ಫೌಸ್ತೊ ಎಂದೇ, ಹಣ ಕೊಟ್ಟರು. ತಂದೆಯೂ ಒಂದಿಷ್ಟು ಸೇರಿಸಿದರು. ಹುಡುಗ ತನ್ನ ಅಳತೆಗೆ ಸೈಕಲ್ಲು ಮಾಡಿಸಲು ಜಿನೋವಾದ ಅಂಗಡಿಗೆ ಹೋದ. ಇವತ್ತು ಬಾ, ನಾಳೆ ಬಾ ಎಂದು ವಾರಗಟ್ಟಲೆ ಅಲೆದಾಡಿಸಿ, ಕೊನೆಗೆ ಅಂಗಡಿಯಲ್ಲಿ ತೂಗುಹಾಕಿದ್ದ ಯಾವುದೋ ಸಿದ್ಧ ಸೈಕಲ್ಲನ್ನು ಕೈಗೆ ಕೊಟ್ಟು ಕಳಿಸಿದರು. ಜಗಳ ಮಾಡುವ ವಯಸ್ಸಲ್ಲ, ಸ್ವಭಾವವೂ ಅಲ್ಲ. ಸುಮ್ಮನೆ ತಂದುಕೊಂಡ. ಆ ಜಿನೋವಾದಲ್ಲೇ ಈಗ ಆತನ ಹೆಸರು ಹಾಕಿದ ಆಟಿಗೆ ಸೈಕಲ್ಲು ಮಾರುತ್ತಾರೆ, ಅದರಲ್ಲೊಂದು ಮೋತಿ ಡೊಂಗರಿಗೆ ಬಂದು ಕುಳಿತಿದೆ.

ನೋವಿ ಪೇಟೆಯಲ್ಲಿ ಬಿಯಾಜೊ ಕವನ್ನಾ ಎಂಬ ಮಾಲೀಸು ಮಾಡುವವರಿದ್ದರು. ಹಿಂದೆ ಬಾಕ್ಸಿಂಗ್ ಆಡಿದವರು, ಆಮೇಲೆ ಕಣ್ಣು ಕಳೆದುಕೊಂಡವರು. ಓಟಗಾರರ ಕಾಲಿನ ಮಾಂಸಖಂಡ ಮುಟ್ಟಿ ನೋಡಿ ಇವನಿಂದ ಆಗುತ್ತದೆ, ಇವನಿಂದ ಆಗುವುದಿಲ್ಲ ಎಂದು ಹೇಳುತ್ತಿದ್ದರು. ಕೊಪ್ಪಿಯ ಕಾಲು ಮುಟ್ಟಿದವರು ಆತನನ್ನು ಕೊನೆಯವರೆಗೂ ಬಿಡಲಿಲ್ಲ. ಏನು ತಿನ್ನಬೇಕು, ಎಷ್ಟು ಮಲಗಬೇಕು, ದಿನಕ್ಕೆಷ್ಟು ದೂರ ತುಳಿಯಬೇಕು ಎಂಬುದೆಲ್ಲ ಅವರದೇ ಲೆಕ್ಕ.

ಇಲ್ಲಿ ಈ ಓಟದ ಬಗ್ಗೆ ಎರಡು ಮಾತು ಹೇಳಬೇಕು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ಓಟ ಹೊಸದಲ್ಲ. ಅಲ್ಲಿ ಜಾತ್ರೆಗಳಲ್ಲೂ ಸೈಕಲ್ ಸ್ಪರ್ಧೆ ಇಡುತ್ತಾರೆ, ರಾಷ್ಟ್ರಮಟ್ಟದ ಸವಾರರು ಆ ಜಿಲ್ಲೆಗಳಿಂದ ಬಂದಿದ್ದಾರೆ. ಆದರೆ ಯುರೋಪಿನಲ್ಲಿ ಇದು ಸಂಬಳದ ಉದ್ಯೋಗ. ಸೈಕಲ್ ಕಂಪನಿಗಳು ತಂಡ ಕಟ್ಟಿ ಓಡಿಸುತ್ತಿದ್ದವು. ಫ್ರಾನ್ಸಿನ ಟೂರ್ ದ ಫ್ರಾನ್ಸ್ 1903ರಲ್ಲಿ, ಇಟಲಿಯ ಜಿರೊ ದಿತಾಲಿಯಾ 1909ರಲ್ಲಿ ಶುರುವಾದವು. ಎರಡನ್ನೂ ಹುಟ್ಟುಹಾಕಿದ್ದು ಪತ್ರಿಕೆಯವರು, ತಮ್ಮ ಪತ್ರಿಕೆ ಮಾರಾಟವಾಗಲೆಂದು. ಜಿರೊ ನಡೆಸುವ ಪತ್ರಿಕೆಯ ಕಾಗದ ಗುಲಾಬಿ ಬಣ್ಣದ್ದು, ಆದ್ದರಿಂದ ಅಲ್ಲಿ ಮುಂದಿರುವವನಿಗೆ ಗುಲಾಬಿ ಅಂಗಿ. ಫ್ರಾನ್ಸಿನ ಪತ್ರಿಕೆಯದು ಹಳದಿಯಾಗಿತ್ತು, ಅಲ್ಲಿ ಹಳದಿ ಅಂಗಿ. ಮೂರು ವಾರ, ದಿನಕ್ಕೊಂದು ಹಂತ, ಎಲ್ಲ ದಿನಗಳ ಹೊತ್ತು ಕೂಡಿಸಿ ಯಾರದು ಕಡಿಮೆಯೋ ಅವರು ಗೆದ್ದರು. ತಂಡದಲ್ಲಿ ಒಬ್ಬ ಯಜಮಾನ. ಉಳಿದವರು ಅವನ ಮುಂದೆ ಹೋಗಿ ಗಾಳಿ ತಡೆಯುತ್ತಾರೆ, ನೀರು ತರುತ್ತಾರೆ, ಅವನ ಗಾಲಿ ಪಂಕ್ಚರಾದರೆ ತಮ್ಮ ಗಾಲಿ ಬಿಚ್ಚಿ ಕೊಡುತ್ತಾರೆ. ಎದುರುಗಾಳಿಯಲ್ಲಿ ಲಾರಿಯ ಹಿಂದೆ ಸೈಕಲ್ಲು ಹೊಡೆದವರಿಗೆ ಈ ಲೆಕ್ಕ ತಾನೇ ಅರ್ಥವಾಗುತ್ತದೆ. (ಮಕ್ಕಳು ಹಾಗೆ ಮಾಡಕೂಡದು.)

1940ರಲ್ಲಿ ಇಪ್ಪತ್ತರ ಹುಡುಗನನ್ನು ಲೆನ್ಯಾನೊ ತಂಡದವರು ಇಂಥ ಹೊರೆಯಾಳಿನ ಕೆಲಸಕ್ಕೇ ತೆಗೆದುಕೊಂಡರು. ಯಜಮಾನ ಜೀನೊ ಬರ್ತಾಲಿ, ಆಗಲೇ ದೇಶದ ಮನೆಮಾತು. ಶುರುವಿನಲ್ಲೇ ನಾಯಿ ಅಡ್ಡ ಬಂದು ಬರ್ತಾಲಿ ಬಿದ್ದರು. ಕೆಲವು ದಿನಗಳ ಮೇಲೆ ಫ್ಲಾರೆನ್ಸಿನಿಂದ ಮೊದೆನಾಕ್ಕೆ ಬೆಟ್ಟ ದಾಟುವ ಹಂತದಲ್ಲಿ, ಸುರಿಯುವ ಮಳೆಯಲ್ಲಿ, ಹೊರೆಯಾಳು ಎಲ್ಲರನ್ನೂ ಹಿಂದೆ ಹಾಕಿ ಹೋದ. ಜಿರೊ ಗೆದ್ದ. ಅಷ್ಟು ಕಿರಿಯ ವಯಸ್ಸಿನಲ್ಲಿ ಅದನ್ನು ಬೇರೆ ಯಾರೂ ಗೆದ್ದಿಲ್ಲ. ಇನ್ನು ಮುಂದೆ ನಾವೂ ಬಹುವಚನದಲ್ಲೇ ಬರೆಯುವುದು ಮರ್ಯಾದೆ.

ಓಟ ಮುಗಿದದ್ದು ಜೂನ್ 9ಕ್ಕೆ. ಮರುದಿನ ಇಟಲಿ ಯುದ್ಧಕ್ಕೆ ಇಳಿಯಿತು. 1942ರ ನವೆಂಬರಿನಲ್ಲಿ, ಬಾಂಬು ಬೀಳುತ್ತಿದ್ದ ಮಿಲಾನ್ ನಗರದ ಓಟದ ಕಣದಲ್ಲಿ, ಸೈನ್ಯದಲ್ಲಿದ್ದುಕೊಂಡೇ ಕೊಪ್ಪಿ ಒಂದು ಗಂಟೆಯಲ್ಲಿ 45 ಕಿ.ಮೀ.ಗಿಂತ ಹೆಚ್ಚು ತುಳಿದು ವಿಶ್ವದಾಖಲೆ ಮಾಡಿದರು. 1956ರವರೆಗೂ ಅದನ್ನು ಯಾರೂ ಮುರಿಯಲಿಲ್ಲ. ಮುಂದಿನ ವರ್ಷವೇ ಅವರನ್ನು ಆಫ್ರಿಕಾದ ರಣರಂಗಕ್ಕೆ ಕಳಿಸಿದರು. 1943ರ ಏಪ್ರಿಲ್‌ನಲ್ಲಿ ತುನೀಸಿಯಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು. ಸೆರೆಶಿಬಿರದಲ್ಲಿ ಕ್ಷೌರದ ಕೆಲಸವನ್ನೂ ಮಾಡಿದರು. ಸೈಕಲ್ ಹುಚ್ಚಿನ ಒಬ್ಬ ಇಂಗ್ಲಿಷ್ ಸೈನಿಕ ಕೂದಲು ಕತ್ತರಿಸಿಕೊಳ್ಳಲು ಕುಳಿತಾಗ, ಕತ್ತರಿ ಹಿಡಿದವರು ಯಾರೆಂದು ಗೊತ್ತಾಗಿ ಬೆರಗಾದನಂತೆ.

1945ರಲ್ಲಿ ಬ್ರಿಟಿಷರು ಅವರನ್ನು ಇಟಲಿಯ ನೇಪಲ್ಸ್ ಹತ್ತಿರಕ್ಕೆ ತಂದರು. ಕೈಯಲ್ಲಿ ಸೈಕಲ್ಲಿಲ್ಲ. ಸ್ಥಳೀಯ ಪತ್ರಕರ್ತರೊಬ್ಬರು ಕೊಪ್ಪಿಗೆ ಯಾರಾದರೂ ಸೈಕಲ್ಲು ಕೊಡಿರೆಂದು ಪತ್ರಿಕೆಯಲ್ಲಿ ಬೇಡಿಕೆ ಹಾಕಿದರು. ಸೊಮ್ಮಾ ವೆಸುವಿಯಾನಾ ಎಂಬ ಊರಿನ ಬಡಗಿಯೊಬ್ಬ ತನ್ನದನ್ನು ತಂದು ಕೊಟ್ಟ. ಯುದ್ಧದ ಬಡತನದಲ್ಲಿ ಸೈಕಲ್ಲೆಂದರೆ ಒಂದು ಮನೆಯ ಅನ್ನ. ಕೊಟ್ಟವರಾರು ಎಂದು ಕೇಳಿದರೆ, ಒಬ್ಬ ಬಡಗಿ. ಕೊಪ್ಪಿಯವರ ಎಲ್ಲ ಗೆಲುವುಗಳಿಗಿಂತ ಈ ಸಂಗತಿ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿತು.

ಯುದ್ಧ ಮುಗಿದು ಅವರು ಬಿಯಾಂಕಿ ಕಂಪನಿಯ ತಂಡ ಸೇರಿದರು. ಕಪಾಟಿನ ಮೇಲಿನ ಸೈಕಲ್ಲಿಗೆ ಇರುವ ನೀಲಿಹಸಿರು ಆ ಕಂಪನಿಯ ಬಣ್ಣ. 1946ರ ಮಾರ್ಚ್ 19ರಂದು ಮಿಲಾನಿನಿಂದ ಸಮುದ್ರದಂಡೆಯ ಸಾನ್ ರೆಮೊವರೆಗಿನ ಓಟ. ಸುರಂಗಗಳಲ್ಲಿ ಯುದ್ಧದ ಧೂಳು, ಕಲ್ಲು ಎದ್ದ ರಸ್ತೆ, ಅರ್ಧ ಹಾಳಾದ ಊರುಗಳು. ಕೊಪ್ಪಿ ಅರ್ಧ ದಾರಿಯಿಂದ ಆಚೆ ಒಬ್ಬರೇ ಹೋಗಿ ಗುರಿ ಮುಟ್ಟಿದರು. ಎರಡನೆಯವರು ಬಂದದ್ದು 14 ನಿಮಿಷದ ಮೇಲೆ. ಅಷ್ಟು ಹೊತ್ತು ಹೇಳಲು ಏನೂ ಇಲ್ಲದೆ ರೇಡಿಯೊದವರು ಸಂಗೀತ ಹಾಕಿ ಕುಳಿತರು.

ಅಲ್ಲಿಂದ ಗೆಲುವಿನ ಪಟ್ಟಿ ಉದ್ದ, ಕಚೇರಿಯ ಅಭ್ಯಾಸದಂತೆ ಒಂದೇ ಸಾಲಿನಲ್ಲಿ ಬರೆದುಬಿಡುತ್ತೇವೆ: ಜಿರೊ ಐದು ಸಲ (1940, 1947, 1949, 1952, 1953), ಟೂರ್ ಎರಡು ಸಲ (1949, 1952), ಮಿಲಾನ್–ಸಾನ್ ರೆಮೊ ಮೂರು ಸಲ, ಲೊಂಬಾರ್ದಿಯಾ ಓಟ ಐದು ಸಲ, 1953ರಲ್ಲಿ ವಿಶ್ವ ಚಾಂಪಿಯನ್. ಒಂದೇ ವರ್ಷ ಜಿರೊ, ಟೂರ್ ಎರಡನ್ನೂ ಮೊದಲು ಗೆದ್ದವರು ಅವರೇ, 1949ರಲ್ಲಿ.

ಆ 1949ರ ಜೂನ್ 10ರ ದಿನವನ್ನು ಮಾತ್ರ ಬಿಡುವ ಹಾಗಿಲ್ಲ. ಕೂನೆಯೊದಿಂದ ಪಿನೆರೋಲೊವರೆಗೆ, ಆಲ್ಪ್ಸ್ ಪರ್ವತದ ಐದು ಘಟ್ಟ ದಾಟುವ ಹಂತ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅವರು ಅಂದು ದಾಟಿದ ಇಜೋರ್ ಘಟ್ಟವೊಂದೇ 2,360 ಮೀಟರ್. ಮೊದಲ ಘಟ್ಟದಲ್ಲೇ ಗುಂಪು ಬಿಟ್ಟು ಹೊರಟ ಕೊಪ್ಪಿ 192 ಕಿ.ಮೀ. ಒಬ್ಬರೇ ತುಳಿದರು. ಮಣ್ಣು ರಸ್ತೆ, ಕೆಸರು, ಚಳಿ. ಎರಡನೆಯವರಾಗಿ ಬಂದ ಬರ್ತಾಲಿ ಸುಮಾರು 12 ನಿಮಿಷ ಹಿಂದೆ. ಮಡಗಾಂವಿನಿಂದ ಕಾರವಾರದವರೆಗೆ ಹೋಗಿ ವಾಪಸು ಬಂದು, ಇನ್ನೊಮ್ಮೆ ಕಾರವಾರದ ಕಡೆ ಹೊರಟಷ್ಟು ದೂರ ಅದು, ಅದೂ ಐದು ಬೆಟ್ಟ ಹತ್ತಿ ಇಳಿದು.

ಕೊಪ್ಪಿ ಮತ್ತು ಬರ್ತಾಲಿ ಎಂದರೆ ಇಟಲಿಯೇ ಎರಡು ಪಾಲು. ಬರ್ತಾಲಿ ದೈವಭಕ್ತರು, ಹಳೆಯ ಕಾಲದವರ ಕಣ್ಮಣಿ. ಕೊಪ್ಪಿ ಹೊಸ ಕಾಲದವರು, ಮಾತು ಕಡಿಮೆ. 1948ರ ವಿಶ್ವ ಸ್ಪರ್ಧೆಯಲ್ಲಿ ಇಬ್ಬರೂ ಒಂದೇ ದೇಶದ ಅಂಗಿ ತೊಟ್ಟು ನಿಂತರು. ಒಬ್ಬರು ಮುಂದೆ ಹೋದರೆ ಇನ್ನೊಬ್ಬರಿಗೆ ಲಾಭವಾದೀತೆಂದು ಇಬ್ಬರೂ ಮುಂದೆ ಹೋಗಲಿಲ್ಲ, ಪರಸ್ಪರ ಕಾಯುತ್ತಾ ಕೊನೆಗೆ ಇಬ್ಬರೂ ಓಟ ಬಿಟ್ಟಿಳಿದರು. ಒಕ್ಕೂಟದವರು ಇಬ್ಬರನ್ನೂ ಅಮಾನತು ಮಾಡಿದರು. ಸಂಘ ಸಂಸ್ಥೆ ನಡೆಸುವವರಿಗೆ ಇಂಥ ದೃಶ್ಯ ಹೊಸದಲ್ಲ, ಹೆಚ್ಚು ಹೇಳುವುದಿಲ್ಲ. ಆದರೆ 1952ರ ಟೂರ್‌ನಲ್ಲಿ ಘಟ್ಟ ಹತ್ತುವಾಗ ಇಬ್ಬರೂ ಒಂದೇ ನೀರಿನ ಬಾಟಲಿಗೆ ಕೈ ಹಾಕಿರುವ ಫೋಟೋ ಒಂದಿದೆ. ಯಾರು ಯಾರಿಗೆ ನೀರು ಕೊಟ್ಟರೆಂದು ಇಟಲಿಯವರು ಇವತ್ತಿಗೂ ವಾದ ಮಾಡುತ್ತಾರೆ.

ಅದೇ ಟೂರ್‌ನ ಇನ್ನೊಂದು ಪ್ರಸಂಗ. ಕೊಪ್ಪಿಯವರ ಹೊರೆಯಾಳು ಸಾಂದ್ರೀನೊ ಕರೇಯಾ, ಯಜಮಾನರ ಪರವಾಗಿ ಮುಂದಿನ ಗುಂಪಿನ ಮೇಲೆ ಕಣ್ಣಿಡಲು ಹೋಗಿ, ತನಗೇ ಗೊತ್ತಿಲ್ಲದೆ ಆ ದಿನದ ಹಳದಿ ಅಂಗಿ ಗೆದ್ದುಬಿಟ್ಟರು. ಸಂತೋಷಪಡುವ ಬದಲು, ಯಜಮಾನರು ತಪ್ಪು ತಿಳಿದಾರೆಂದು ಅತ್ತರು. ಕೊಪ್ಪಿ ಬಂದು ಅಭಿನಂದಿಸಿ ಸಮಾಧಾನ ಮಾಡಿದರು. ಮರುದಿನ ಆಲ್ಪ್ ದ್ಯುಯೆಜ್ ಏರು ಮೊತ್ತಮೊದಲ ಬಾರಿಗೆ ಟೂರ್‌ಗೆ ಬಂದಾಗ ಅಲ್ಲಿ ಗೆದ್ದವರು ಕೊಪ್ಪಿ, ಹಳದಿ ಅಂಗಿಯೂ ಅವರಿಗೇ ಬಂತು. ಆ ಸಲ ಅವರು ಎಷ್ಟು ಮುಂದಿದ್ದರೆಂದರೆ, ಉಳಿದವರು ಕೈ ಚೆಲ್ಲಿ ಕುಳಿತಾರೆಂದು ಸಂಘಟಕರು ಎರಡನೆಯ ಸ್ಥಾನದ ಬಹುಮಾನದ ಹಣವನ್ನು ಇಮ್ಮಡಿ ಮಾಡಿದರು. ಆದರೂ ಎರಡನೆಯವರು 28 ನಿಮಿಷ ಹಿಂದೆ.

ಆ ಕಾಲದ ಓಟಗಾರರು ಉತ್ತೇಜಕ ಗುಳಿಗೆ ನುಂಗುತ್ತಿದ್ದುದೂ ನಿಜ, ಕೊಪ್ಪಿ ಅದನ್ನು ಮುಚ್ಚಿಟ್ಟವರಲ್ಲ. ಆಗ ನಿಷೇಧ ಇರಲಿಲ್ಲ. ಮಹಾನುಭಾವರ ಚರಿತ್ರೆ ಬರೆಯುವಾಗ ಇದನ್ನು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲವೆಂದು ಬರೆದಿದ್ದೇವೆ.

ಇಟಲಿಯ ಉತ್ತರದಲ್ಲಿ ಕೋಮೊ ಸರೋವರದ ಮೇಲಿನ ಬೆಟ್ಟದಲ್ಲಿ ಗಿಸಾಲ್ಲೊ ಎಂಬ ಕಡೆ ಮೇರಿ ತಾಯಿಯ ಚಿಕ್ಕ ಗುಡಿ ಇದೆ. ಲೊಂಬಾರ್ದಿಯಾ ಓಟ ಅದರ ಮುಂದೆಯೇ ಹಾದುಹೋಗುತ್ತದೆ. 1949ರಲ್ಲಿ ಪೋಪ್ ಆ ತಾಯಿಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಘೋಷಿಸಿದರು. ಒಳಗೆ ಗೋಡೆಯ ತುಂಬ ಸೈಕಲ್ಲು, ಅಂಗಿ. ಕೊಪ್ಪಿಯವರ ಸೈಕಲ್ಲೂ ಅಲ್ಲಿ ತೂಗುತ್ತಿದೆ. ಸವಾರರು ಆ ತಾಯಿಯ ಪುಟ್ಟ ಪದಕವನ್ನು ಕೊರಳಿಗೋ ಹ್ಯಾಂಡಲ್ಲಿಗೋ ಕಟ್ಟಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರೆ. ಆಯುಧಪೂಜೆಯ ದಿನ ಸೈಕಲ್ಲಿಗೆ ಹೂವು ಹಾಕಿ ನಿಂಬೆಹಣ್ಣು ಕಟ್ಟುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಮ್ಮ ಸೆರ್ಸೆಯೂ ಸೈಕಲ್ ಓಟಗಾರ. ಅಣ್ಣನಷ್ಟು ಬಲವಿಲ್ಲ, ಆದರೆ ನಗೆಮುಖದವ, ಗಂಭೀರ ಸ್ವಭಾವದ ಅಣ್ಣನಿಗೆ ಅವನೇ ಧೈರ್ಯ. 1951ರ ಜೂನ್ 29ರಂದು ತುರಿನ್ ನಗರದಲ್ಲಿ ಓಟದ ಕೊನೆಯ ಹಂತದಲ್ಲಿ ಟ್ರಾಮ್ ಹಳಿಗೆ ಗಾಲಿ ಸಿಕ್ಕಿ ಬಿದ್ದ. ಎದ್ದು ಗುರಿ ಮುಟ್ಟಿದ, ಹೋಟೆಲ್ಲಿಗೂ ಹೋದ. ಏನೂ ಆಗಿಲ್ಲವೆಂದೇ ಎಲ್ಲರೂ ತಿಳಿದರು. ಅಂದೇ ತಲೆಯೊಳಗಿನ ರಕ್ತಸ್ರಾವದಿಂದ ತೀರಿಕೊಂಡ. ಕೊಪ್ಪಿ ಸೈಕಲ್ಲನ್ನೇ ಬಿಟ್ಟುಬಿಡುವ ಯೋಚನೆಗೆ ಬಂದಿದ್ದರು.

ಮನೆಯ ಬದುಕು ನೆಟ್ಟಗೆ ಸಾಗಲಿಲ್ಲ. ಮಡದಿ ಬ್ರೂನಾ, ಮಗಳು ಮರೀನಾ ಇದ್ದ ಮನೆ ಬಿಟ್ಟು, ವೈದ್ಯರೊಬ್ಬರ ಹೆಂಡತಿ ಜೂಲಿಯಾ ಒಕ್ಕೀನಿ ಜೊತೆ ಬಾಳತೊಡಗಿದರು. ಆಗ ಇಟಲಿಯಲ್ಲಿ ವಿಚ್ಛೇದನ ಇರಲಿಲ್ಲ, ಇದು ಅಪರಾಧ. ಪೊಲೀಸು, ಕೋರ್ಟು, ಶಿಕ್ಷೆ ಎಲ್ಲ ಆಯಿತು. ಮಗ ಹುಟ್ಟಿದಾಗ ತಂದೆಯ ಹೆಸರು ಸಿಗಬೇಕೆಂದು ದೂರದ ಅರ್ಜೆಂಟೀನಾಕ್ಕೆ ಹೋಗಬೇಕಾಯಿತು. ಸರಿ ತಪ್ಪು ತೀರ್ಮಾನಿಸುವ ಕೆಲಸ ನಮ್ಮದಲ್ಲ, ಎರಡು ಮನೆಯವರೂ ನೊಂದರು. ವಯಸ್ಸು ನಲವತ್ತಕ್ಕೆ ಬಂದರೂ ಕೊಪ್ಪಿ ಓಡುವುದನ್ನು ಬಿಡಲಿಲ್ಲ. ಗೆಲುವು ದೂರವಾಗಿತ್ತು, ಹಿಂದೆ ಬೀಳುತ್ತಿದ್ದರು, ಜನ ಮಾತ್ರ ಅವರನ್ನು ನೋಡಲೆಂದೇ ಬರುತ್ತಿದ್ದರು.

ಈಗ ಈ ಬರಹದ ಎರಡನೆಯ ಕಾರಣ.

1959ರ ಡಿಸೆಂಬರ್. ಪಶ್ಚಿಮ ಆಫ್ರಿಕಾದ ಅಪ್ಪರ್ ವೋಲ್ಟಾ, ಇಂದಿನ ಬುರ್ಕಿನಾ ಫಾಸೊ, ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆಯ ಹಾದಿಯಲ್ಲಿತ್ತು. ಅಲ್ಲಿನ ಸಂಭ್ರಮಕ್ಕೆ ಯುರೋಪಿನ ಕೆಲವು ಹೆಸರಾಂತ ಓಟಗಾರರನ್ನು ಕರೆಸಿದರು. ಕೊಪ್ಪಿಯವರ ಜೊತೆ ಫ್ರಾನ್ಸಿನ ಆಂಕೆತಿಲ್, ಬೊಬೆ, ಜೆಮಿನಿಯಾನಿ ಮೊದಲಾದವರು. ರಾಜಧಾನಿ ಉವಾಗಾದುಗುವಿನಲ್ಲಿ ಒಂದು ಓಟ, ಆಮೇಲೆ ಕಾಡಿನಲ್ಲಿ ಬೇಟೆ. ಕೊಪ್ಪಿ ಮತ್ತು ರಫಾಯೆಲ್ ಜೆಮಿನಿಯಾನಿ ಒಂದೇ ಕೋಣೆಯಲ್ಲಿ ಮಲಗಿದರು. ಸೊಳ್ಳೆ ವಿಪರೀತ. ಸೊಳ್ಳೆಗಳು ಇಬ್ಬರಲ್ಲಿ ಭೇದ ಮಾಡಲಿಲ್ಲ.

ಊರಿಗೆ ಮರಳಿ ಕ್ರಿಸ್‌ಮಸ್ ಕಳೆಯುತ್ತಿದ್ದಂತೆ ಇಬ್ಬರಿಗೂ ಜ್ವರ ಬಂತು. ಜೆಮಿನಿಯಾನಿ ಫ್ರಾನ್ಸಿನಲ್ಲಿ ಎಚ್ಚರ ತಪ್ಪಿ ಮಲಗಿದರು. ಅಲ್ಲಿನ ವೈದ್ಯರು ರಕ್ತ ತೆಗೆದು ಪ್ಯಾರಿಸಿನ ಪಾಸ್ಚರ್ ಸಂಸ್ಥೆಗೆ ಕಳಿಸಿದರು. ಮಲೇರಿಯಾ, ಅದರಲ್ಲೂ ಮಿದುಳಿಗೆ ಏರುವ ಫಾಲ್ಸಿಪಾರಂ ಜಾತಿಯದು ಎಂದು ಉತ್ತರ ಬಂತು. ಕ್ವಿನೈನ್ ಕೊಟ್ಟರು, ಉಳಿದುಕೊಂಡರು. ಇಟಲಿಯಲ್ಲಿ ಕೊಪ್ಪಿಯವರನ್ನು ನೋಡಿದ ವೈದ್ಯರು ಇದು ಫ್ಲೂ, ಎದೆಗೆ ಇಳಿದಿದೆ ಎಂದು ಅದಕ್ಕೆ ತಕ್ಕ ಮದ್ದು ಕೊಟ್ಟರು. ಜೆಮಿನಿಯಾನಿಯವರ ಮನೆಯವರು ಫ್ರಾನ್ಸಿನಿಂದ ಫೋನ್ ಮಾಡಿ ನಮ್ಮವರಿಗೆ ಮಲೇರಿಯಾ, ನೀವೂ ನೋಡಿ ಎಂದು ತಿಳಿಸಿದರು. ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1960ರ ಜನವರಿ 2ರ ಬೆಳಿಗ್ಗೆ ತೊರ್ತೊನಾ ಆಸ್ಪತ್ರೆಯಲ್ಲಿ ಫೌಸ್ತೊ ಕೊಪ್ಪಿ ತೀರಿಕೊಂಡರು. ವಯಸ್ಸು 40. ಮುಂದೆ ಎಷ್ಟೋ ವರ್ಷಗಳ ಮೇಲೆ ವಿಷಪ್ರಾಶನದ ಗಾಳಿಸುದ್ದಿಯೂ ಎದ್ದು, ವಿಚಾರಣೆ ನಡೆದು, ಏನೂ ಇಲ್ಲವೆಂದು ಮುಗಿಯಿತು.

ಮಲೇರಿಯಾ ಎಂಬ ಶಬ್ದವೇ ಇಟಲಿಯವರದು, ಕೆಟ್ಟ ಗಾಳಿ ಎಂದು ಅರ್ಥ. ಶತಮಾನಗಳ ಕಾಲ ಅವರ ಜೌಗುನಾಡಿನಲ್ಲಿ ಜನ ಅದರಿಂದ ಸತ್ತರು. ನಮ್ಮ ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗಾಣು ಕಂಡುಹಿಡಿದರೆ, ಮರುವರ್ಷವೇ ಮನುಷ್ಯನಿಗೆ ಅದನ್ನು ಅಂಟಿಸುವುದು ಅನಾಫಿಲಿಸ್ ಸೊಳ್ಳೆ ಎಂದು ತೋರಿಸಿದವರು ಇಟಲಿಯ ಗ್ರಾಸ್ಸಿ. ಅಂಥ ದೇಶದಲ್ಲಿ ಇದನ್ನು ಗುರುತಿಸಲಿಲ್ಲವೇಕೆ? ಯುದ್ಧದ ನಂತರ ಡಿಡಿಟಿ ಹೊಡೆದು ಅಲ್ಲಿ ಮಲೇರಿಯಾ ಬಹುಮಟ್ಟಿಗೆ ಇಲ್ಲವಾಗಿತ್ತು. ಇಲ್ಲವಾದದ್ದು ನೆನಪಿಗೆ ಬರಲಿಲ್ಲ. ಚಳಿಗಾಲ, ಜ್ವರ, ಕೆಮ್ಮು ಎಂದರೆ ಫ್ಲೂ ಎಂದು ಕೈ ತಾನೇ ಬರೆಯಿತು. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ನಮಗೆ ಕೈ ತಾನೇ ಬರೆಯುವುದೆಂದರೇನೆಂದು ಚೆನ್ನಾಗಿ ಗೊತ್ತು.

ಗೊತ್ತಿರುವುದಕ್ಕೆ ಬೇರೆ ಸಾಕ್ಷಿಯೂ ಇದೆ. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಸೆಂಟ್ರಿಂಗ್ ಕೆಲಸದ ಹುಡುಗನೊಬ್ಬ ನಡುಗುತ್ತಾ ಸಂಘದ ಕೋಣೆಗೆ ಬಂದ. ಅರ್ಜಿಯೊಂದಕ್ಕೆ ಸಹಿ ಬೇಕಿತ್ತು. ಮೈ ಮುಟ್ಟಿ ನೋಡಿ, ಮಳೆಯಲ್ಲಿ ನೆನೆದಿದ್ದೀಯ, ಎರಡು ಗುಳಿಗೆ ನುಂಗಿ ಮಲಗಪ್ಪ ಎಂದವರು ನಾವೇ. ಜ್ವರದ ಗುಳಿಗೆಯನ್ನು ಮೇಜಿನ ಖಾನೆಯಿಂದ ತೆಗೆದು ಕೊಟ್ಟವರೂ ನಾವೇ. ಗುಳಿಗೆಗೆ ಜ್ವರ ಇಳಿಯಿತು, ಮರುದಿನ ಕೆಲಸಕ್ಕೆ ಹೋದ, ಸಂಜೆ ಮತ್ತೆ ನಡುಕ. ಐದನೆಯ ದಿನ ಹೆಂಡತಿಯ ಗುರುತೂ ಹತ್ತದೆ ಏನೇನೋ ಮಾತಾಡತೊಡಗಿದಾಗ ಆಸ್ಪತ್ರೆಗೆ ಹೊತ್ತೊಯ್ದೆವು. ರಕ್ತ ನೋಡಿ ಹೇಳಿದ್ದು ಕೊಪ್ಪಿಯವರಿಗೆ ಬಂದದ್ದೇ ಜಾತಿಯ ಮಲೇರಿಯಾ. ಹನ್ನೊಂದು ದಿನದ ಮೇಲೆ ಬದುಕಿ ಬಂದ. ಊರಿಗೆ ಹೋದವ ಮತ್ತೆ ಗುಡ್ಡಕ್ಕೆ ಬರಲಿಲ್ಲ. ಆ ಅರ್ಜಿ ಸಹಿಯಾಗಿ ಇನ್ನೂ ನಮ್ಮ ಫೈಲಿನಲ್ಲೇ ಇದೆ.

ಗೋವಾದಲ್ಲಿ ಕಟ್ಟಡ ಕೂಲಿಯವರಿಗೆ ಆರೋಗ್ಯ ಕಾರ್ಡು ಕಡ್ಡಾಯ ಮಾಡಿ ವರ್ಷಗಳೇ ಆದವು, ಅದಕ್ಕೆ ಮುಖ್ಯ ಕಾರಣ ಮಲೇರಿಯಾ. ಮೊದಲಿಗೆ ಹೋಲಿಸಿದರೆ ಈಗ ಬಹಳ ಕಡಿಮೆಯಾಗಿದೆ, ಆರೋಗ್ಯ ಇಲಾಖೆಯವರ ಶ್ರಮ ದೊಡ್ಡದು. ಕಡಿಮೆಯಾಗಿದೆ ಎಂಬುದೇ ನಮ್ಮ ಚಿಂತೆ. ಇಟಲಿಯಲ್ಲೂ ಆಗ ಕಡಿಮೆಯಾಗಿತ್ತು. ನಮ್ಮ ಜನ ಊರಿಗೆ ಹೋಗಿ ಬರುತ್ತಾರೆ, ಬೇರೆ ಬೇರೆ ರಾಜ್ಯದವರ ಜೊತೆ ಸೈಟಿನ ಶೆಡ್ಡಿನಲ್ಲಿ ಮಲಗುತ್ತಾರೆ. ಕ್ಯೂರಿಂಗ್ ಎಂದು ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಜ್ವರ ಬಂದವರು ಎಲ್ಲಿಗೆ ಹೋಗಿ ಬಂದಿರಿ, ಎಲ್ಲಿ ಮಲಗಿದ್ದಿರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ತಾವೇ ಹೇಳಬೇಕು. ಬೆರಳಿಗೆ ಸೂಜಿ ಚುಚ್ಚಿ ತೆಗೆಯುವ ಒಂದು ಹನಿ ರಕ್ತ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಹಣವಿಲ್ಲ.

ಕಸ್ತೆಲ್ಲಾನಿಯಾದ ಗುಡ್ಡದ ಮೇಲೆ ಕೊಪ್ಪಿಯವರ ಅಂತ್ಯಸಂಸ್ಕಾರಕ್ಕೆ ಹತ್ತಾರು ಸಾವಿರ ಜನ ಕೆಸರಿನಲ್ಲಿ ಹತ್ತಿ ಬಂದರು. ಅಣ್ಣ ತಮ್ಮ ಇಬ್ಬರನ್ನೂ ಅಲ್ಲಿ ಅಕ್ಕಪಕ್ಕದಲ್ಲಿ ಮಲಗಿಸಿದ್ದಾರೆ. 1965ರಿಂದ ಜಿರೊ 
ಓಟದಲ್ಲಿ ಆ ವರ್ಷ ಬರುವ ಅತಿ ಎತ್ತರದ ಘಟ್ಟಕ್ಕೆ ಕೊಪ್ಪಿ ಶಿಖರ ಎಂದೇ ಹೆಸರು. ಅವರ ನೂರನೆಯ ವರ್ಷದಲ್ಲಿ, 2019ರಲ್ಲಿ, ಊರಿನ ಹೆಸರನ್ನೇ ಕಸ್ತೆಲ್ಲಾನಿಯಾ ಕೊಪ್ಪಿ ಎಂದು ಬದಲಿಸಿದರು. ಅದೇ ಕೋಣೆಯಲ್ಲಿ ಮಲಗಿದ್ದ, ಅದೇ ಸೊಳ್ಳೆ ಕಚ್ಚಿದ್ದ ಜೆಮಿನಿಯಾನಿ 2024ರ ಜುಲೈ ತಿಂಗಳಿನಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 99.

ಇನ್ನು ಸ್ಪರ್ಧೆಯ ವಿಚಾರ. ನವೆಂಬರ್ 1ರ ಬೆಳಿಗ್ಗೆ ಧ್ವಜಾರೋಹಣ ಮುಗಿದ ಕೂಡಲೇ ಶುರು. ಹತ್ತರಿಂದ ಹದಿನಾಲ್ಕು ವರ್ಷದ ಹುಡುಗರು, ಹುಡುಗಿಯರು ಯಾರೂ ಸೇರಬಹುದು. ಶುಲ್ಕವಿಲ್ಲ. ಗುಡ್ಡದ ಕೆಳಗಿನಿಂದ ಮೇಲಕ್ಕೆ ಮಾತ್ರ ಓಟ, ಇಳಿಜಾರಿನಲ್ಲಿ ಓಟವಿಲ್ಲ. ಸ್ವಂತ ಸೈಕಲ್ಲಿಲ್ಲದ ಮಕ್ಕಳಿಗಾಗಿ ನಾಲ್ಕು ಸೈಕಲ್ಲು ಬೇಕಾಗಿವೆ. ಒಂದು ದಿನದ ಮಟ್ಟಿಗೆ ಕೊಡಬಲ್ಲವರು ಮುಂಚಿತವಾಗಿ ಹೆಸರು ಬರೆಸಿರಿ, ಸಂಜೆಯೊಳಗೆ ತೊಳೆದು ವಾಪಸು ಮುಟ್ಟಿಸುವ ಜವಾಬ್ದಾರಿ ನಮ್ಮದು. ಬಿದ್ದ ಮಗು ಎದ್ದು ನಕ್ಕರೂ ಸರಿ, ಮೊದಲು ಪ್ರಥಮ ಚಿಕಿತ್ಸೆಯವರ ಹತ್ತಿರ ಕರೆದುಕೊಂಡು ಬನ್ನಿ. ಜ್ವರವಿರುವ ಮಕ್ಕಳನ್ನು ತರಬೇಡಿ, ಅವರ ಹೆಸರು ಮುಂದಿನ ಸಲಕ್ಕೆ ಕಾದಿಡುತ್ತೇವೆ. ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಿಕೊಂಡು ಬಂದರೂ ಓಟದಲ್ಲೇ ಲೆಕ್ಕ. ಬ್ರೇಕು ಹಿಡಿಯದ ಸೈಕಲ್ಲಿಗೆ ಮಾತ್ರ ಪ್ರವೇಶವಿಲ್ಲ, ಹಿಂದಿನ ದಿನ ಸಂಜೆ ಐದು ಗಂಟೆಗೆ ಸಂಘದ ಕೋಣೆಯ ಮುಂದೆ ಎಲ್ಲ ಸೈಕಲ್ಲುಗಳನ್ನೂ ನೋಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ